ಮಕ್ಕಳು ಬಿಡಿಸಿದ ಚಿತ್ರ ಓದುವುದು ಹೇಗೆ?

ಮಗು ಸ್ವಲ್ಪ ಮಂಕಾದರೆ ಸಾಕು, 'ಮನೆಯವರ ಚಿತ್ರ ಬಿಡಿಸು' ಎಂದು ಕೂರಿಸುವ ಟೀಚರ್‌ಗಳು ಈಗ ಮೈಸೂರು, ಮಂಡ್ಯ ಎರಡೂ ಕಡೆ ಇದ್ದಾರೆ. ಬಿಡಿಸುವವರೆಗೆ ತೊಂದರೆಯಿಲ್ಲ. ಎಡವಟ್ಟಾಗುವುದು ಅದನ್ನು ಓದುವಾಗ.

ಮೊದಲು ಬಿಳಿ ಹಾಳೆ, ಪೆನ್ಸಿಲ್, ರಬ್ಬರ್ ಕೊಡಿ. ಅಗ್ಗದ ಸ್ಕೆಚ್ ಪೆನ್ ಸೆಟ್ ಬೇಡವೇ ಬೇಡ. ಅದರಲ್ಲಿ ಅರ್ಧ ಒಣಗಿರುತ್ತವೆ. ಮಗು ಮೂಡುವ ಬಣ್ಣ ಹಿಡಿಯುತ್ತದೆ, ನೀವು ಅದಕ್ಕೂ ಅರ್ಥ ಹಚ್ಚುತ್ತೀರಿ.

ಬಿಡಿಸುವಾಗ ಸುಮ್ನೆ ಕೂತಿರಿ. ಯಾರು ಮೊದಲು ಬಂದರು, ಎಲ್ಲಿ ಅಳಿಸಿತು, ಗುರುತು ಹಾಕಿಕೊಳ್ಳಿ.

ಈಗ ಕಷ್ಟದ ಹಂತ. ಡಿಸೆಂಬರ್ ತಿಂಗಳು, ಮದ್ದೂರು ಕಡೆಯ ಮಗು ಎಂದುಕೊಳ್ಳಿ. ಚಿತ್ರದಲ್ಲಿ ಅಪ್ಪ ಪೂರಾ ಕಪ್ಪು. ಗಡ್ಡ ಬೆಳೆದಿದೆ, ಬರಿಗಾಲು. ಎಲ್ಲರಿಂದ ದೂರ, ಚಾಪೆ ಪಕ್ಕ ನಿಂತಿದ್ದಾನೆ. ಮೊಬೈಲ್‌ನಲ್ಲಿ ಸಿಕ್ಕ 'ಚಿತ್ರದಲ್ಲಿ ಇದಿದ್ದರೆ ಇದರರ್ಥ' ಎಂಬ ಪಟ್ಟಿ ನೋಡಿದವರು 'ಖಿನ್ನತೆ, ಅಪ್ಪನ ಭಯ' ಎಂದು ಬರೆದುಬಿಡುತ್ತಾರೆ. ಅಪ್ಪ ಅಯ್ಯಪ್ಪನ ಮಾಲೆ ಹಾಕಿರಬಹುದು ಅಲ್ವಾ? 41 ದಿನದ ವ್ರತ, ಕಪ್ಪು ಬಟ್ಟೆ, ಕ್ಷೌರ ಇಲ್ಲ, ಚಾಪೆ ಮೇಲೆ ನಿದ್ದೆ. ಹಾಗೆಂದು ನೀವೇ ಮಾಲೆ ಎಂದು ತೀರ್ಮಾನಿಸುವುದೂ ತಪ್ಪು. ಕೇಳಿ. 'ಅಪ್ಪ ಯಾಕೆ ಬೇಜಾರಾಗಿದ್ದಾರೆ?' ಎಂದರೆ ಬೇಜಾರು ತಂದವರು ನೀವು. 'ಇವರು ಯಾರು ಪುಟ್ಟಾ? ಏನ್ ಮಾಡ್ತಾ ಇದ್ದಾರೆ?' ಅಷ್ಟು ಸಾಕು. 'ಸ್ವಾಮಿ, ಪೂಜೆ ಮಾಡ್ತಾವ್ರೆ' ಎಂದರೆ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ.

ಆ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಚಾಪ್‌ಮನ್ ದಂಪತಿ 1967ರಲ್ಲಿ ಮನುಷ್ಯರ ಚಿತ್ರಗಳಿಗೆ, ಬಿಡಿಸಿದವರ ಮನಸ್ಸಿನ ಲಕ್ಷಣಗಳೆಂದು ಏನೇನನ್ನೋ ಮನಬಂದಂತೆ ಜೋಡಿಸಿ ವಿದ್ಯಾರ್ಥಿಗಳಿಗೆ ತೋರಿಸಿದರು. ಆದರೂ ದೊಡ್ಡ ಕಣ್ಣು ಎಂದರೆ ಸಂಶಯದ ಸ್ವಭಾವ ಎಂಬಂಥ ನಂಟು ಆ ವಿದ್ಯಾರ್ಥಿಗಳಿಗೆ ಕಂಡೇ ಕಂಡಿತು! ಅನುಭವಿ ತಜ್ಞರು ಹೇಳುತ್ತಿದ್ದದ್ದೂ ಅದನ್ನೇ.

ಮನೆಯ ಚಿತ್ರಕ್ಕೂ ಇದೇ ಮಾತು. ಮನಃಶಾಸ್ತ್ರಜ್ಞ ಜಾನ್ ಬಕ್ 1948ರಲ್ಲಿ ಪ್ರಕಟಿಸಿದ, ಆ ಮೂರನ್ನೂ ಬಿಡಿಸಲು ಹೇಳಿ ಸ್ವಭಾವ ಅಳೆಯುವ ಮನೆ-ಮರ-ಮನುಷ್ಯ ಪರೀಕ್ಷೆಯಲ್ಲಿ ಚಿಮಣಿಗೂ ಹೊಗೆಗೂ ಅರ್ಥ ಹುಡುಕುತ್ತಾರೆ. ನಮ್ಮ ಹೆಂಚಿನ ಮನೆಗೆ ಚಿಮಣಿ ಎಲ್ಲಿಂದ ಬರಬೇಕು? ಬಂದಿದ್ದರೆ ಡ್ರಾಯಿಂಗ್ ಪುಸ್ತಕದಿಂದ. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ತೆಂಗಿನಮರ ಇದ್ದರೆ ಅದು ಡ್ರಾಯಿಂಗ್ ಮೇಷ್ಟ್ರು ಕಲಿಸಿದ್ದು. ಇನ್ನೊಂದು ಹಾಳೆ ಕೊಡಿ. ದಸರಾ ಮುಗಿದ ವಾರ ಮನೆಗಿಂತ ಆನೆ ದೊಡ್ಡದಾಗಿದ್ದರೆ ಗಾಬರಿ ಬೀಳಬೇಡಿ.

ಚಿತ್ರದ ಹಿಂದೆ ತಾರೀಕು ಬರೆಯಿರಿ. ಅಪ್ಪ ಮಾಲೆ ತೆಗೆದ ಮೇಲೆ ಮಗುವಿನ ಕೈಲಿ ಇನ್ನೊಂದು ಬಿಡಿಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಅನುಮಾನ ಉಳಿದರೆ ಮನಃಶಾಸ್ತ್ರಜ್ಞರ ಹತ್ತಿರ ಕಳಿಸಿ, ಚಿತ್ರದ ಜೊತೆ ಮಗುವಿನ ಮಾತೂ ಹೋಗಲಿ. ಹೊಡೆತ ಬಡಿತದ ಮಾತು ಬಂದರೆ ಮಾತ್ರ ಎರಡನೇ ಚಿತ್ರಕ್ಕೆ ಕಾಯಬೇಡಿ, ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.