ಎಡಗೈಗೆ ಮೊದಲ ಸರದಿ

ಬೆಂಚ್ ಪ್ರೆಸ್ ಮಾಡುವಾಗ, ಅಂದರೆ ಬೆಂಚಿನ ಮೇಲೆ ಮಲಗಿ ಭಾರದ ರಾಡನ್ನು ಎದೆಯಿಂದ ಮೇಲಕ್ಕೆ ಎತ್ತುವಾಗ, ನನ್ನ ರಾಡ್ ಎಡಕ್ಕೆ ವಾಲುತ್ತಿತ್ತು. ಮೊದಲ ಐದಾರು ಸಲ ಸರಿಯಾಗೇ ಹೋಗುತ್ತಿತ್ತು. ಆಮೇಲೆ ಬಲಗೈ ಮೇಲೆ ಹೋಗಿ ನಿಂತರೆ, ಎಡಗೈ ಅರ್ಧದಲ್ಲೇ ನಡುಗುತ್ತಿತ್ತು. ಫೋನನ್ನು ಕಾಲಿನ ಕಡೆ ಇಟ್ಟು ವಿಡಿಯೊ ಮಾಡಿ ನೋಡಿದೆ. ಎಡ ಮೊಣಕೈ ಹೊರಕ್ಕೆ ಹೋಗುತ್ತಿತ್ತು, ಸೊಂಟವೂ ಸ್ವಲ್ಪ ತಿರುಗುತ್ತಿತ್ತು.

ಎರಡು ಕೈಗೂ ಒಂದಿಷ್ಟು ವ್ಯತ್ಯಾಸ ಇರುವುದು ಸಹಜ. ಬಾಗಿಲು ತೆಗೆಯುವುದರಿಂದ ಹಿಡಿದು ಗ್ಯಾಸ್ ಸಿಲಿಂಡರ್ ಎಳೆಯುವವರೆಗೆ ಎಲ್ಲಕ್ಕೂ ಬಲಗೈಯನ್ನೇ ಮುಂದೆ ಮಾಡುತ್ತೇವೆ, ಅಲ್ವಾ? ರಾಡ್ ಹಿಡಿದಾಗ ಈ ಗಟ್ಟಿ ಕೈ ನಮಗೇ ಗೊತ್ತಾಗದ ಹಾಗೆ ಜಾಸ್ತಿ ಭಾರ ಹೊತ್ತುಬಿಡುತ್ತದೆ. ಡಂಬಲ್‌ನಲ್ಲಿ ಅದು ನಡೆಯಲ್ಲ. ಯಾವ ಕೈಯ ಭಾರವನ್ನು ಆ ಕೈಯೇ ಎತ್ತಬೇಕು.

ಹಾಗಾಗಿ ಕೆಲವು ತಿಂಗಳು ರಾಡ್ ಮುಟ್ಟಲಿಲ್ಲ. ಡಂಬಲ್ ರೋ (ಬಗ್ಗಿ ಡಂಬಲನ್ನು ಮೈ ಕಡೆಗೆ ಎಳೆಯುವುದು), ಶೋಲ್ಡರ್ ಪ್ರೆಸ್ (ಭುಜದಿಂದ ತಲೆಯ ಮೇಲಕ್ಕೆ ಎತ್ತುವುದು), ಕರ್ಲ್ (ಮೊಣಕೈ ಮಡಚಿ ಎತ್ತುವುದು), ಎಲ್ಲವನ್ನೂ ಒಂದೊಂದೇ ಕೈಯಲ್ಲಿ ಮಾಡಿದೆ. ಮೊದಲ ಸರದಿ ಎಡಗೈದು. ಅದು 10 ಕೆ.ಜಿ.ಯನ್ನು 8 ಸಲ ಎತ್ತಿದರೆ ಬಲಗೈಗೂ ಅದೇ 10 ಕೆ.ಜಿ., ಅದೇ 8. ಬಲಗೈ ಸಲೀಸಾಗಿ 12 ಸಲ ಎತ್ತುತ್ತದೆ ಅಂತ ಗೊತ್ತಿದ್ದೂ ಎಂಟಕ್ಕೇ ನಿಲ್ಲಿಸಬೇಕಲ್ಲ, ಕಷ್ಟ ಇರುವುದು ಅಲ್ಲೇ. ಬಲಗೈ ಸೊರಗುತ್ತದೆ ಅಂತ ಜಿಮ್‌ನಲ್ಲಿ ಕೆಲವರು ಹೆದರಿಸಿದರು. ಸೊರಗಲಿಲ್ಲ. ಹೊಸದಾಗಿ ಬಲ ಗಳಿಸಲು ಬೇಕಾದಷ್ಟು ಶ್ರಮ ಇರುವ ಬಲ ಉಳಿಸಿಕೊಳ್ಳಲು ಬೇಡ. ಅದಲ್ಲದೆ ಒಂದು ಕೈಗೆ ಅಭ್ಯಾಸ ಕೊಟ್ಟರೆ ಇನ್ನೊಂದಕ್ಕೂ ಸ್ವಲ್ಪ ಬಲ ಬರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1894ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಸ್ನಾಯುಗಳ ಜೊತೆ ನರಗಳೂ ಕಲಿಯುತ್ತವೆ.

ರೋ ಮಾಡುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಎಡಗೈಯ ಕಿರುಬೆರಳು, ಉಂಗುರಬೆರಳು ಮೊದಲು ಸಡಿಲವಾಗುತ್ತಿದ್ದವು. ಡಂಬಲ್‌ನ ಹಿಡಿ ಬೆರಳ ತುದಿಗೆ ಜಾರುತ್ತಿತ್ತು. ತೋಳಿನಲ್ಲಿ ಇನ್ನೂ ಕಸುವಿತ್ತು, ಹಿಡಿತ ಸೋಲುತ್ತಿತ್ತು. ಅದಕ್ಕೆ ಮನೆಯಲ್ಲಿ ನೀರು ತುಂಬಿದ ಬಕೆಟನ್ನು ಎಡಗೈಯಲ್ಲೇ ಹೊರತೊಡಗಿದೆ, ಎರಡೂ ಭುಜ ಸಮ ಇಟ್ಟುಕೊಂಡು, ಮೈ ವಾಲದ ಹಾಗೆ ನಿಧಾನವಾಗಿ ನಡೆದು. ನನಗೆ ಹೆಚ್ಚು ಫಲ ಕೊಟ್ಟಿದ್ದು ಇದೇ.

ಮತ್ತೆ ರಾಡ್ ಹಿಡಿದಾಗ ಪ್ಲೇಟ್ ಹಾಕದೆ, 20 ಕೆ.ಜಿ.ಯ ಖಾಲಿ ರಾಡ್‌ನಿಂದಲೇ ಶುರು ಮಾಡಿದೆ. ರಾಡ್ ಮೇಲಿನ ಗೆರೆಗಳನ್ನು ನೋಡಿ ಎರಡೂ ಕೈ ಸಮದೂರದಲ್ಲಿಟ್ಟೆ. ಟೇಪ್ ಹಿಡಿದರೆ ಬಲತೋಳು ಈಗಲೂ ಅರ್ಧ ಇಂಚು ದಪ್ಪ. ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ.

ನನ್ನದು ನಿಧಾನವಾಗಿ ಬೆಳೆದ ವ್ಯತ್ಯಾಸ. ಕೈ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡರೆ, ಜೋಮು ಹಿಡಿದರೆ, ಕುತ್ತಿಗೆಯಿಂದ ನೋವು ಕೆಳಗೆ ಇಳಿದರೆ ಸುಮ್ನೆ ಡಂಬಲ್ ಎತ್ತುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.