ದಿನವೂ ತೂಗುತ್ತೇನೆ, ಭಾನುವಾರವಷ್ಟೇ ನಂಬುತ್ತೇನೆ

"ದಿನಾ ತೂಕ ನೋಡಿಕೊಂಡರೆ ಹುಚ್ಚು ಹಿಡಿಯುತ್ತದೆ" ಎಂದು ಅಕ್ಕ ಹೇಳಿದ್ದಳು. ಜಿಮ್‌ನ ತರಬೇತುದಾರರದು ಇನ್ನೂ ಬಿಗಿ: "ತಿಂಗಳಿಗೊಮ್ಮೆ ಸಾಕು, ಅದೂ ನನ್ನೆದುರು." ಇಬ್ಬರ ಮಾತೂ ಪೂರ್ತಿ ಸುಳ್ಳಲ್ಲ, ನನಗೂ ಮೊದಲು ಹಿಡಿದದ್ದು ಹುಚ್ಚೇ. ಆದರೆ 78 ಕಿಲೋ ಮುಟ್ಟಿದ್ದವಳು ಹದಿನಾಲ್ಕು ತಿಂಗಳಲ್ಲಿ ಸುಮಾರು 67ಕ್ಕೆ ಇಳಿದೆ. ಎರಡು ವರ್ಷದಿಂದ ಅಲ್ಲೇ ಒಂದು ಕಿಲೋ ಆಚೀಚೆ ನಿಂತಿದ್ದೇನೆ, ದಿನವೂ ತೂಗಿಕೊಂಡೇ. ಏನು ತಿಂದೆ, ಎಷ್ಟು ನಡೆದೆ ಎಂದು ಇಲ್ಲಿ ಬರೆಯುವುದಿಲ್ಲ. ಅದೆಲ್ಲ ನಿಮಗೆ ಗೊತ್ತಿರುವುದೇ. ಬರೆಯುವುದೇನಿದ್ದರೂ ತೂಕದ ಯಂತ್ರದ ಜೊತೆಗಿನ ನನ್ನ ಸಂಸಾರದ ಬಗ್ಗೆ.

ಶುರು ಮಾಡಿದ್ದು ಎಲ್ಲರ ಹಾಗೆ ವಾರಕ್ಕೊಮ್ಮೆ, ಸೋಮವಾರ. ಅದಕ್ಕಿಂತ ಕೆಟ್ಟ ದಿನ ಇನ್ನೊಂದಿಲ್ಲ ಎಂದು ಆಮೇಲೆ ತಿಳಿಯಿತು. ಶನಿವಾರ, ಭಾನುವಾರದ ಊಟ, ಉಪ್ಪು, ತಡವಾದ ನಿದ್ದೆ ಎಲ್ಲ ಸೇರಿ ಸೋಮವಾರದ ಅಂಕಿ ಉಬ್ಬಿರುತ್ತದೆ, ಶುಕ್ರವಾರದ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ಆಗ ನನ್ನ ತೂಕ 74ರ ಆಸುಪಾಸು. ಆರನೆಯ ಸೋಮವಾರ ಹಿಂದಿನ ವಾರಕ್ಕಿಂತ 1.2 ಕಿಲೋ ಜಾಸ್ತಿ ಬಂತು. ವಾರವಿಡೀ ಬಾಯಿ ಕಟ್ಟಿದ್ದವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಸಿಟ್ಟಿನಲ್ಲಿ ಮೂರು ವಾರ ಎಲ್ಲವನ್ನೂ ಕೈಬಿಟ್ಟೆ. ಈಗ ಆ ಪುಟ ತೆರೆದರೆ ನಗು ಬರುತ್ತದೆ, ಮರುದಿನವೇ ಮುಟ್ಟಾಯಿತೆಂದು ನಾನೇ ಪಕ್ಕದಲ್ಲಿ ಬರೆದುಕೊಂಡಿದ್ದೇನೆ. ಮುಟ್ಟಿಗೆ ಮುಂಚಿನ ನಾಲ್ಕೈದು ದಿನ ನನ್ನ ಮೈ ಒಂದು ಕಿಲೋಗೂ ಮೇಲೆ ನೀರು ಹಿಡಿಯುತ್ತದೆ. ಆ ನೀರಿಗಾಗಿ ನಾನು ಮೂರು ವಾರ ಹಾಳು ಮಾಡಿಕೊಂಡೆ.

ಆಮೇಲಿನದು ಹುಚ್ಚಿನ ಕಾಲ. ಎದ್ದ ಕೂಡಲೇ ಒಂದು ಸಲ, ಸ್ನಾನಕ್ಕೆ ಮುಂಚೆ, ಸ್ನಾನವಾದ ಮೇಲೆ, ಊಟಕ್ಕೆ ಹಿಂದೆ ಮುಂದೆ. ಒಂದು ದಿನ ಲೆಕ್ಕ ಹಾಕಿದರೆ ಹನ್ನೊಂದು ಸಲ ಹತ್ತಿದ್ದೆ. ಅಂಕಿ ಕಡಿಮೆ ಬಂದರೆ ಮನೆಯವರಿಗೆ ಹಬ್ಬ, ಹೆಚ್ಚಾದರೆ ಪಾತ್ರೆಗಳಿಗೆ ಗ್ರಹಚಾರ. ಯಂತ್ರವೇ ಸುಳ್ಳು ಹೇಳುತ್ತಿದೆ ಎಂದು ಇನ್ನೊಂದು ತಂದೆ, ಅದಕ್ಕೂ ಇದಕ್ಕೂ ಹೊಂದಲಿಲ್ಲವೆಂದು ಮೂರನೆಯದು, ಕೊಬ್ಬು, ಸ್ನಾಯು, ಮೂಳೆ ಎಲ್ಲ ಬೇರೆ ಬೇರೆ ತೋರಿಸುವಂಥದ್ದು. ಮೂರಕ್ಕೂ ಸುರಿದ ದುಡ್ಡಿನಲ್ಲಿ ಅರ್ಧ ವರ್ಷದ ಜಿಮ್ ಶುಲ್ಕ ಕಟ್ಟಬಹುದಿತ್ತು. ಇವತ್ತು ಬಳಸುವುದು ಮೊದಲನೆಯದನ್ನೇ, ಅತಿ ಅಗ್ಗದ್ದನ್ನು.

ಆ ಕಾಲ ಮುಗಿದದ್ದು ಮಗಳಿಂದ. ಅವಳಿಗಾಗ ಎಂಟು ವರ್ಷ. ಒಂದು ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದೆ. ನನ್ನಂತೆಯೇ ಚಪ್ಪಲಿ ಬಿಟ್ಟು, ನನ್ನಂತೆಯೇ ಉಸಿರು ಹೊರಹಾಕಿ, ತುದಿಗಾಲಿನಲ್ಲಿ ಯಂತ್ರ ಹತ್ತಿದಳು. ಬಗ್ಗಿ ಅಂಕಿ ನೋಡಿ, "ಅಮ್ಮಾ, ಇವತ್ತು ನಾನು ಒಳ್ಳೆಯವಳಾ?" ಎಂದು ಕೇಳಿದಳು. ಅದೇ ದಿನ ಮೂರನ್ನೂ ಅಟ್ಟಕ್ಕೆ ಹಾಕಿದೆ.

ಅದೂ ಸೋಲೇ. ಐದಾರು ತಿಂಗಳು ಬಹಳ ನೆಮ್ಮದಿಯಾಗಿದ್ದೆ, ನೆಮ್ಮದಿಯಲ್ಲೇ 78 ಆದೆ. ಬಟ್ಟೆ ಬಿಗಿಯಾದರೂ ಒಗೆದಾಗ ಕುಗ್ಗಿತೆಂದು ಸಮಾಧಾನ ಮಾಡಿಕೊಳ್ಳುವ ಕಲೆ ನನಗೆ ಚೆನ್ನಾಗಿ ಗೊತ್ತು.

ಈಗಿನ ಪದ್ಧತಿಗೆ ದಾರಿಯಾದದ್ದು ಒಂದು ಚಿಕ್ಕ ಲೆಕ್ಕ. ಎಲ್ಲ ಸರಿಯಾಗಿ ನಡೆದರೂ ನನ್ನ ಇಳಿಕೆ ವಾರಕ್ಕೆ ಇನ್ನೂರು ಗ್ರಾಂ. ನೀರು, ಉಪ್ಪು, ಹೊಟ್ಟೆಯಲ್ಲಿರುವ ಊಟ, ಮಲಬದ್ಧತೆ ಸೇರಿ ಒಂದೇ ವಾರದೊಳಗಿನ ಏರಿಳಿತ ಒಂದೂವರೆ ಕಿಲೋ. ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡಂತೆ. ವಾರಕ್ಕೊಮ್ಮೆ ತೂಗುವವರು ಆ ಸಂತೆಯಲ್ಲಿ ಒಂದೇ ಸಲ ಕಿವಿಗೊಟ್ಟು ತೀರ್ಪು ಕೊಡುತ್ತಾರೆ. ಆದ್ದರಿಂದ ದಿನವೂ ತೂಗು, ಆದರೆ ಆ ದಿನದ ಅಂಕಿಗೆ ಮತದಾನದ ಹಕ್ಕು ಕೊಡಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಗ್ಗೆ ಮೂತ್ರ ಮಾಡಿ ಬಂದು, ನೀರೂ ಕುಡಿಯುವ ಮುಂಚೆ, ಗಟ್ಟಿ ನೆಲದ ಮೇಲೆ, ಒಂದೇ ಒಂದು ಸಲ. ಪುಸ್ತಕದಲ್ಲಿ ಅಂಕಿ, ಪಕ್ಕದಲ್ಲಿ ಒಂದೇ ಪದ: 'ಉಪ್ಪು', 'ಪ್ರಯಾಣ', 'ನಿದ್ದೆಯಿಲ್ಲ', 'ಮುಟ್ಟು'. ಬರೆದು ಪುಸ್ತಕ ಮುಚ್ಚಬೇಕು. ನಿನ್ನೆಯ ಅಂಕಿ ಕಾಣಿಸಬಾರದೆಂದು ದಿನಕ್ಕೊಂದು ಪುಟ ಇಟ್ಟೆ. ಕಾಗದ ದಂಡ, ತಲೆ ಉಳಿಯಿತು. ಭಾನುವಾರ ಏಳನ್ನೂ ಕೂಡಿ ಸರಾಸರಿ ತೆಗೆದು ಪುಸ್ತಕದ ಕೊನೆಯ ಪುಟಕ್ಕೆ ಏರಿಸುತ್ತೇನೆ. ಮುಟ್ಟಿನ ವಾರವನ್ನು ಹೋಲಿಸುವುದು ಕಳೆದ ತಿಂಗಳ ಮುಟ್ಟಿನ ವಾರದೊಂದಿಗೆ ಮಾತ್ರ. ಮೂರು ವಾರ ಒಂದೇ ದಿಕ್ಕಿಗೆ ಹೋಗುವ ತನಕ ಊಟದಲ್ಲಾಗಲಿ ವ್ಯಾಯಾಮದಲ್ಲಾಗಲಿ ಏನನ್ನೂ ಬದಲಿಸುವುದಿಲ್ಲ. ಒಂದು ಬಗೆಯ ದಿನವನ್ನು ಸರಾಸರಿಯಿಂದ ಹೊರಗಿಡುತ್ತೇನೆ. ಅದು ಯಾವುದು, ಏಕೆ ಎಂಬುದು ನನ್ನಲ್ಲೇ ಇರಲಿ, ಕಂಡುಕೊಳ್ಳಲು ಒಂದು ವರ್ಷ ಹಿಡಿದಿದೆ.

ಮೊದಲ ಎರಡು ತಿಂಗಳು ಕಷ್ಟವಾಯಿತು. ಮೂರನೆಯ ತಿಂಗಳ ಸುಮಾರಿಗೆ ಬೆಳಗಿನ ಅಂಕಿಗೂ ಮನಸ್ಸಿಗೂ ಕಟ್ಟಿದ್ದ ಹಗ್ಗ ಸಡಿಲವಾಯಿತು. 1.3 ಏರಿದ್ದರೂ 'ಉಪ್ಪು' ಎಂದು ಬರೆದು ಹಲ್ಲುಜ್ಜಲು ಹೋಗುತ್ತಿದ್ದೆ. ಏರಿಳಿತವನ್ನು ಆಗೊಮ್ಮೆ ಈಗೊಮ್ಮೆ ನೋಡುವವರಿಗೆ ಭಯ. ದಿನಾ ನೋಡುವವರಿಗೆ ಅದು ಬೇಸರ ಹುಟ್ಟಿಸುತ್ತದೆ. ನನಗೆ ಬೇಕಿದ್ದದ್ದು ಆ ಬೇಸರವೇ.

ಅಕ್ಕನ ಜೊತೆ ವಾದಕ್ಕೆ ಒಂದು ಆಧಾರವೂ ಸಿಕ್ಕಿತು. ಅಮೆರಿಕದಲ್ಲಿ 1994ರಲ್ಲಿ ತೂಕ ಇಳಿಸಿಕೊಂಡವರ ಒಂದು ನೋಂದಣಿ ಶುರುವಾಯಿತು. 13.6 ಕಿಲೋಗೆ ಕಡಿಮೆಯಿಲ್ಲದೆ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರಿಗೆ ಮಾತ್ರ ಅದರಲ್ಲಿ ಜಾಗ. ಅವರಲ್ಲಿ ನೂರಕ್ಕೆ ಎಪ್ಪತ್ತೈದು ಜನ ವಾರಕ್ಕೊಮ್ಮೆಯಾದರೂ ತೂಗಿಕೊಳ್ಳುತ್ತಾರೆ. "ತೂಗಿದ್ದಕ್ಕೆ ಇಳಿದರೋ, ಇಳಿದ ಖುಷಿಗೆ ತೂಗುತ್ತಾರೋ?" ಎಂದು ಅಕ್ಕ ಕೇಳಿದಳು. ಅವಳಿಗೆ ಉತ್ತರ ಕೊಡಲಾಗಲಿಲ್ಲ, ಒಪ್ಪಿಕೊಳ್ಳುತ್ತೇನೆ.

ನಡುವೆ ಮಾಡಿದ ಕಿತಾಪತಿಗಳೂ ಇವೆ. ಅರ್ಧ ನಿಮಿಷದ ಅಂತರದಲ್ಲಿ ಎರಡನೆಯ ಸಲ ಹತ್ತಿದಾಗಲೂ ಗ್ರಾಂ ತಪ್ಪದೆ ಅದೇ ಅಂಕಿ ಬರುತ್ತಿತ್ತು. ನಿಖರತೆ ಎಂದು ಹೆಮ್ಮೆಪಟ್ಟಿದ್ದೆ. ಒಮ್ಮೆ ಕೈಯಲ್ಲಿ ಕಾಲು ಲೀಟರ್ ನೀರಿನ ಬಾಟಲಿ ಹಿಡಿದು ಹತ್ತಿದೆ, ಆಗಲೂ ಅದೇ ಅಂಕಿ! ಅಂತರ ಚಿಕ್ಕದಾಗಿದ್ದರೆ ಕೆಲವು ಯಂತ್ರಗಳು ನೆನಪಿನಲ್ಲಿರುವ ಹಳೆಯ ಅಂಕಿಯನ್ನೇ ಒಪ್ಪಿಸುತ್ತವೆ. ಈಗ ಮೊದಲು ಒಂದು ಭಾರದ ಚೀಲವನ್ನು ಅದರ ಮೇಲಿಟ್ಟು ನೆನಪು ಅಳಿಸಿ ಆಮೇಲೆ ಹತ್ತುತ್ತೇನೆ. ಕೊಬ್ಬು ತೋರಿಸುವ ದುಬಾರಿ ಯಂತ್ರ ಒಣ ಪಾದಕ್ಕೆ 34 ಶೇಕಡಾ ಎಂದಿತು, ಪಾದ ಒದ್ದೆ ಮಾಡಿಕೊಂಡು ಹತ್ತಿದರೆ 31. ಅದು ಮಾಡುವುದಿಷ್ಟೇ, ಪಾದದ ಮೂಲಕ ಸಣ್ಣ ವಿದ್ಯುತ್ ಹರಿಸಿ, ಸಿಕ್ಕ ತಡೆಯಿಂದ ಕೊಬ್ಬನ್ನು ಅಂದಾಜು ಮಾಡುವುದು. ಹತ್ತು ನಿಮಿಷದಲ್ಲಿ ಮೂರು ಶೇಕಡಾ ಕೊಬ್ಬು ಕರಗಿಸಿದ ಕೀರ್ತಿ ನನಗಿರಲಿ.

ಒಂದು ರಾತ್ರಿ ಮಲಗುವಾಗಲೂ, ಬೆಳಗ್ಗೆ ಬಚ್ಚಲಿಗೆ ಹೋಗುವ ಮುಂಚೆಯೂ ತೂಗಿದೆ. ನಾನೂರು ಗ್ರಾಂ ಹತ್ತಿರ ಮಾಯ, ಬರೀ ಉಸಿರು ಮತ್ತು ಚರ್ಮದಿಂದ. ಇಟಲಿಯ ವೈದ್ಯ ಸಾಂಟೋರಿಯೋ ಇದನ್ನೇ ತೂಗುವ ಕುರ್ಚಿಯಲ್ಲಿ ಕುಳಿತು ವರ್ಷಗಟ್ಟಲೆ ಅಳೆದು 1614ರಲ್ಲಿ ಪುಸ್ತಕ ಮಾಡಿದ. ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ತೂಗಿದನಂತೆ. ಹನ್ನೊಂದು ಸಲದ ನಾನು ಅವನ ಮುಂದೆ ಏನೂ ಅಲ್ಲ.

ಇದು ಎಲ್ಲರಿಗೂ ಹೇಳುವ ಪದ್ಧತಿಯಲ್ಲ. ಊಟದ ವಿಷಯದಲ್ಲಿ ಮನಸ್ಸು ಹಿಂದೆ ಕಾಯಿಲೆ ಬಿದ್ದಿದ್ದವರು, ಬೆಳಗಿನ ಅಂಕಿ ನೋಡಿ ಉಪವಾಸ ಕೂರುವವರು ಯಂತ್ರದ ತಂಟೆಗೇ ಹೋಗಬಾರದು. ನನ್ನ ಗೆಳತಿಯೊಬ್ಬಳಿಗೆ ನಾನೇ ಬೇಡವೆಂದೆ. ಹೃದಯ ದುರ್ಬಲವಾಗಿರುವವರಿಗೆ ವೈದ್ಯರೇ ದಿನವೂ ತೂಗಲು ಹೇಳುತ್ತಾರೆ, ಆದರೆ ಅದು ಮೈಯಲ್ಲಿ ನೀರು ತುಂಬುವುದನ್ನು ಹಿಡಿಯಲು. ಅವರು ಏರಿಕೆ ಕಂಡೂ 'ಉಪ್ಪು' ಎಂದು ಬರೆದು ಸುಮ್ಮನಿರುವಂತಿಲ್ಲ. ನನಗೂ ಒಂದು ಕಟ್ಟಳೆ ಇದೆ: ಅಂಕಿ ಮೂರು ಬೆಳಗ್ಗೆ ಸತತ ಮೂಡು ಕೆಡಿಸಿದರೆ ಯಂತ್ರಕ್ಕೆ ಹದಿನೈದು ದಿನ ಅಟ್ಟವಾಸ. ಎರಡು ಸಲ ಕಳಿಸಿದ್ದೇನೆ. ಯಂತ್ರ ಈಗಿರುವುದು ನನ್ನ ಕೋಣೆಯ ಕಪಾಟಿನೊಳಗೆ. ಮಗಳ ಎದುರು ಹತ್ತುವುದಿಲ್ಲ, ಅಂಕಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ.

ತಿಂಗಳಿಗೊಮ್ಮೆ ಸಾಕು ಎಂದಿದ್ದ ತರಬೇತುದಾರರು ಕಳೆದ ವಾರ ತಮ್ಮ ಬಳಿ ಬರುವ ಇಬ್ಬರಿಗೆ ತೋರಿಸಬೇಕೆಂದು ನನ್ನ ಪುಸ್ತಕದ ಫೋಟೊ ಕೇಳಿದರು. ಕಳಿಸಿದೆ. ಹೊರಗಿಡುವ ದಿನಗಳಿಗೆ ಗುರುತು ಹಾಕುವ ಕೊನೆಯ ಕಾಲಂ ಮೇಲೆ ಮಾತ್ರ ಹೆಬ್ಬೆರಳು ಇಟ್ಟುಕೊಂಡಿದ್ದೆ.