ರಸ್ತೆ ಅಗಲೀಕರಣಕ್ಕೆ ಜಾಗ ಹೋಗುವಾಗ: ನೋಟಿಸಿನಿಂದ ಪರಿಹಾರದವರೆಗೆ

ಪುಣೆಯಲ್ಲಿ ರಸ್ತೆ ಅಗಲೀಕರಣದ ನೋಟಿಸು ಕೈಗೆ ಬಂದ ದಿನ ನಮ್ಮವರು, ಅವರು ಹೋಟೆಲಿನವರಿರಲಿ ಮನೆ ಕಟ್ಟಿಕೊಂಡವರಿರಲಿ, ಗಾಬರಿಯಿಂದ ವಕೀಲರ ಬಳಿಗೆ ಓಡುತ್ತಾರೆ. ಅದೇ ಜನ ಜಾಗ ಅಳೆಯಲು ಸಿಬ್ಬಂದಿ ಬಂದ ದಿನ ಚಹಾ ಕೊಟ್ಟು, ತೋರಿಸಿದಲ್ಲೆಲ್ಲ ಸಹಿ ಹಾಕಿ ಕಳುಹಿಸುತ್ತಾರೆ. ಪರಿಹಾರ ಕೆಡುವುದು ಆ ದಿನವೇ. ಆದ್ದರಿಂದ ಈ ಲೇಖನದಲ್ಲಿ ಮೋಜಣಿಯ, ಅಂದರೆ ಜಾಗದ ಅಳತೆಯ, ಭಾಗ ಉದ್ದವಾಗಿದೆ, ಉಳಿದವು ಚುಟುಕಾಗಿವೆ.

ಮೊದಲ ಹೆಜ್ಜೆ, ನೋಟಿಸಿನಲ್ಲಿ ಯಾವ ಕಾಯ್ದೆಯ ಯಾವ ಕಲಂ ಬರೆದಿದೆ ಎಂದು ನೋಡುವುದು. ದಾರಿ ಮುಖ್ಯವಾಗಿ ಎರಡು. ವಿಕಾಸ ಯೋಜನೆಯ ನಕ್ಷೆಯಲ್ಲಿ, ಅಂದರೆ ಎಲ್ಲರೂ ಡಿ.ಪಿ. ಎನ್ನುವ ನಕ್ಷೆಯಲ್ಲಿ, ರಸ್ತೆಯೆಂದು ಗುರುತಿಸಿದ ಜಾಗವಾದರೆ 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ ಕಲಂ 126 ಅನ್ವಯಿಸುತ್ತದೆ. ಡಿ.ಪಿ.ಯಲ್ಲಿ ಇಲ್ಲದ ರಸ್ತೆಯನ್ನು ಪಾಲಿಕೆ ತಾನೇ ಅಗಲಿಸಲು ಹೊರಟಿದ್ದರೆ 1949ರ ಮಹಾನಗರ ಪಾಲಿಕೆಗಳ ಕಾಯ್ದೆಯ ಕಲಂ 210ರಿಂದ 216ರವರೆಗಿನ ರಸ್ತೆರೇಖೆಯ, ಅಂದರೆ ರಸ್ತೆಯ ಅಂಚನ್ನು ಗೊತ್ತುಪಡಿಸುವ ಗೆರೆಯ, ನಿಯಮಗಳು ಬರುತ್ತವೆ. ಮುಂಬಯಿಯಲ್ಲಿ ಇದೇ ಕೆಲಸಕ್ಕೆ 1888ರ ಪಾಲಿಕೆ ಕಾಯ್ದೆಯ ಕಲಂ 297 ಮತ್ತು ಅದರ ಮುಂದಿನವುಗಳಿವೆ. ಕಲಂ ನಮೂದಿಸದ ನೋಟಿಸು ಬಂದರೆ ಉತ್ತರ ಬರೆಯುವ ಮುನ್ನ ಕಲಂ ಯಾವುದೆಂದು ಲಿಖಿತವಾಗಿ ಕೇಳಿರಿ.

ಎರಡನೆಯದು ಆಕ್ಷೇಪಣೆ. ಡಿ.ಪಿ. ಕರಡು ಪ್ರಕಟವಾದಾಗ ಆಕ್ಷೇಪಣೆಗೆ 30 ದಿನಗಳ ಅವಕಾಶವಿದೆ. ಕಲಂ 210ರ ಅಡಿಯಲ್ಲಿ ಹಳೆಯ ರೇಖೆಯ ಬದಲಿಗೆ ಹೊಸ ರೇಖೆ ಎಳೆಯುವುದಾದರೆ, ಸ್ಥಾಯಿ ಸಮಿತಿಯ ಸಭೆಗೆ ಕನಿಷ್ಠ ಒಂದು ತಿಂಗಳ ಮೊದಲು ಪತ್ರಿಕೆಯಲ್ಲಿಯೂ ಆ ರಸ್ತೆಯಲ್ಲಿಯೂ ಸೂಚನೆ ಪ್ರಕಟವಾಗಬೇಕು. ಆಕ್ಷೇಪಣೆಯು ಸಭೆಗೆ ಮೂರು ಪೂರ್ಣ ದಿನ ಮುಂಚೆ ನಗರ ಸಚಿವರ, ಅಂದರೆ ಪಾಲಿಕೆಯ ಕಾರ್ಯದರ್ಶಿಯ, ಕಚೇರಿಗೆ ಲಿಖಿತವಾಗಿ ತಲುಪಿರಬೇಕು. ಜನ ಎಡವುವುದು ಇಲ್ಲಿ. ಪರಿಚಯದವರಿದ್ದಾರೆಂದು ವಾರ್ಡ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದರೆ ಅದು ಸಭೆಯ ಮೇಜಿಗೆ ಬರುತ್ತದೆಂಬ ಖಾತ್ರಿಯಿಲ್ಲ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯಿಲ್ಲದೆ ಕಚೇರಿಯಿಂದ ಹೊರಬರಬೇಡಿ. 2020ರಲ್ಲಿ ಪುಣೆಯ 6 ಮೀಟರ್ ಅಗಲದ 323 ರಸ್ತೆಗಳನ್ನು 9 ಮೀಟರಿಗೆ ಏರಿಸುವ ಪ್ರಸ್ತಾವ ಬಂದಾಗ ಚರ್ಚೆಗೆ ಬಂದದ್ದು ಇದೇ ಕಲಂ 210.

ವಿಚಾರಣೆಗೆ ಕರೆದರೆ ತಪ್ಪದೆ ಹೋಗಿ, ಹೇಳಿದ್ದನ್ನೆಲ್ಲ ಬರಹದಲ್ಲಿಯೂ ಕೊಡಿ. ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2024ರ ಮೇ ತಿಂಗಳಲ್ಲಿ ನೀಡಿದ ತೀರ್ಪು, ಸಂವಿಧಾನದ 300-ಎ ವಿಧಿಯ ಅಡಿಯಲ್ಲಿ ಸೂಚನೆ, ವಿಚಾರಣೆ, ಕಾರಣಸಹಿತ ಆದೇಶ, ನ್ಯಾಯವಾದ ಪರಿಹಾರ ಮುಂತಾದ ಏಳು ಅಂಶಗಳನ್ನು ಬೇರೆಬೇರೆಯಾಗಿಯೇ ಎಣಿಸಿದೆ. ಆದ್ದರಿಂದ ಕಾರಣ ಬರೆಯದ ಆದೇಶವನ್ನು ಪ್ರಶ್ನಿಸಲು ನಿಮಗೆ ಆಧಾರವಿದೆ.

ಮೂರನೆಯದು ಕಾಗದಪತ್ರ: ಸಾತ್‌ಬಾರಾ (ಜಮೀನಿನ ಪಹಣಿ) ಅಥವಾ ಪ್ರಾಪರ್ಟಿ ಕಾರ್ಡು (ನಗರದ ಆಸ್ತಿಯ ದಾಖಲೆ), ಫೇರ್‌ಫಾರ್ (ಹಕ್ಕು ಬದಲಾವಣೆಯ ದಾಖಲೆ), ಮಂಜೂರಾದ ಕಟ್ಟಡ ನಕ್ಷೆ, ತೆರಿಗೆ ರಸೀದಿ. ತಂದೆಯ ಹೆಸರಿನಲ್ಲೇ ಉಳಿದ ಖಾತೆಯನ್ನು ಈಗಲೇ ವಾರಸುದಾರರ ಹೆಸರಿಗೆ ಮಾಡಿಸಿ.

ನಾಲ್ಕನೆಯದು ಮೋಜಣಿ. ಇಲ್ಲಿ ಆತುರ ಸಲ್ಲದು. ಪಾಲಿಕೆಯ ಸಿಬ್ಬಂದಿ ಬರುವ ಮೊದಲೇ ಭೂಮಿ ಅಭಿಲೇಖ (ಭೂದಾಖಲೆ) ಕಚೇರಿಗೆ ನೀವೇ ಶುಲ್ಕ ಕಟ್ಟಿ ಮೋಜಣಿ ಮಾಡಿಸಿ, ಅದರ ‘ಕ’ ಪ್ರತಿಯನ್ನು, ಅಂದರೆ ಅಧಿಕೃತ ಅಳತೆ ನಕ್ಷೆಯನ್ನು, ಕೈಯಲ್ಲಿಟ್ಟುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಶುಲ್ಕ ಉಳಿಸಲು ಹೋಗಿ ನಷ್ಟಪಟ್ಟವರನ್ನು ಬಹಳ ನೋಡಿದ್ದೇನೆ. ಮೊಬೈಲಿನಲ್ಲಿ ಅಳತೆ ತೋರಿಸುವ ಆ್ಯಪ್‌ಗಳನ್ನೂ, ಝೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಎ4 ಹಾಳೆಯ ಡಿ.ಪಿ. ನಕ್ಷೆಗಳನ್ನೂ ನಂಬಬೇಡಿ, ಕುಗ್ಗಿಸಿ ಮುದ್ರಿಸಿದ ನಕ್ಷೆಯಲ್ಲಿ ರೇಖೆಯ ದಪ್ಪವೇ ನೆಲದ ಮೇಲೆ ಒಂದೆರಡು ಮೀಟರು ನುಂಗಿಬಿಡಬಹುದು.

ಸಂಯುಕ್ತ ಮೋಜಣಿಯ, ಅಂದರೆ ಪಾಲಿಕೆಯವರೂ ಭೂಮಿ ಅಭಿಲೇಖದವರೂ ಒಟ್ಟಿಗೆ ಅಳೆಯುವ, ದಿನ ಮೊದಲು ಕೇಳಬೇಕಾದ ಪ್ರಶ್ನೆ, ಅಳತೆ ಯಾವ ಬಿಂದುವಿನಿಂದ ಆರಂಭವಾಗುತ್ತದೆ ಎಂಬುದು. ರಸ್ತೆಯ ಮಧ್ಯರೇಖೆಯಿಂದ ಎಂದರೆ ಆ ಮಧ್ಯರೇಖೆಯನ್ನು ಎರಡೂ ಬದಿಯ ಸರ್ವೆ ಗಡಿಗಳಿಂದ ಗುರುತಿಸಿದ್ದೋ, ಈಗಿರುವ ಡಾಂಬರಿನ ನಡುವಿನಿಂದಲೋ ಎಂದು ಕೇಳಿ. ಎದುರು ಬದಿಯವರು ಹಿಂದೆಯೇ ಒತ್ತುವರಿ ಮಾಡಿಕೊಂಡಿದ್ದರೆ ಡಾಂಬರು ನಿಮ್ಮ ಕಡೆಗೆ ಸರಿದಿರುತ್ತದೆ, ಅದರ ನಡುವಿನಿಂದ ಅಳೆದರೆ ನಷ್ಟ ನಿಮ್ಮದು. 20 ಮೀಟರ್ ಮುಂಭಾಗವಿರುವ ಜಾಗದಲ್ಲಿ ರೇಖೆ ಅರ್ಧ ಮೀಟರ್ ಒಳಗೆ ಬಂದರೂ 10 ಚದರ ಮೀಟರ್ ಹೋಯಿತೆಂದೇ ಲೆಕ್ಕ. ಗುರುತು ಹಾಕಿದ ಮೇಲೆ ಎಷ್ಟು ಹೋಗುತ್ತದೆ ಎಂಬುದರ ಜೊತೆಗೆ ಎಷ್ಟು ಉಳಿಯುತ್ತದೆ ಎಂಬುದನ್ನೂ ಚದರ ಮೀಟರಿನಲ್ಲಿ ಬರೆಸಿ. ಎರಡನ್ನೂ ಕೂಡಿಸಿದಾಗ ಪ್ರಾಪರ್ಟಿ ಕಾರ್ಡಿನ ಕ್ಷೇತ್ರಕ್ಕೆ ತಾಳೆಯಾಗಬೇಕು.

ಪಂಚನಾಮೆಯಲ್ಲಿ ‘ಕಂಪೌಂಡ್ ಹಾಗೂ ಇತರ’ ಎಂದು ಬರೆಯಲು ಬಿಡಬೇಡಿ. ಆ ‘ಇತರ’ದೊಳಗೆ ಬೋರ್‌ವೆಲ್, ನೆಲದಡಿಯ ನೀರಿನ ಟಾಂಕಿ, ಸೆಪ್ಟಿಕ್ ಟಾಂಕಿ, ಮೀಟರ್ ಪೆಟ್ಟಿಗೆ, ಮೆಟ್ಟಿಲು, ತೆಂಗಿನಮರ ಎಲ್ಲವೂ ಕಾಣೆಯಾಗುತ್ತವೆ. ಒಂದೊಂದನ್ನೂ ಹೆಸರಿಸಿ, ಅಳತೆ ಸಹಿತ ಬರೆಸಿ, ಫೋಟೋ ತೆಗೆದಿಡಿ. ಮರಾಠಿಯಲ್ಲಿ ಬರೆದ ಪಂಚನಾಮೆ ಪೂರ್ತಿ ಅರ್ಥವಾಗದಿದ್ದರೆ ಓದಬಲ್ಲವರನ್ನು ಕರೆಸಿಕೊಳ್ಳಿ. ಅಳತೆಗೆ ಒಪ್ಪಿಗೆಯಿಲ್ಲದಿದ್ದರೆ ಸಹಿಯ ಮೇಲ್ಗಡೆ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಸ್ವಹಸ್ತದಿಂದ ಬರೆಯಿರಿ. ಮುಖ್ಯವಾಗಿ, ತಾಬಾ ಪಾವತಿಗೆ, ಅಂದರೆ ಸ್ವಾಧೀನ ಕೊಟ್ಟ ರಸೀದಿಗೆ, ಅಳತೆಯ ದಿನವೇ ಸಹಿ ಹಾಕಬೇಡಿ. ಪರಿಹಾರ ಹಣದಲ್ಲೋ, ಟಿಡಿಆರ್‌ನಲ್ಲೋ (ಬೇರೆ ಕಡೆ ಬಳಸಬಹುದಾದ ಇಲ್ಲವೇ ಮಾರಬಹುದಾದ ಕಟ್ಟುವ ಹಕ್ಕು), ಎಫ್‌ಎಸ್‌ಐನಲ್ಲೋ (ಉಳಿದ ಜಾಗದಲ್ಲೇ ಹೆಚ್ಚುವರಿ ಕಟ್ಟುವ ಅವಕಾಶ) ಎಂಬುದು ಕಾಗದದ ಮೇಲೆ ನಿರ್ಧಾರವಾಗುವವರೆಗೆ ಆ ರಸೀದಿ ನಿಮ್ಮಲ್ಲೇ ಇರಲಿ. ಆದರೆ ರಸ್ತೆರೇಖೆಯೊಳಗಿನ ತೆರೆದ ಜಾಗಕ್ಕೆ ಕಲಂ 213ರ ನೋಟಿಸು ಬಂದಿದ್ದರೆ ಅದರ ಅವಧಿ ಏಳು ಪೂರ್ಣ ದಿನಗಳಷ್ಟೇ ಇರಬಹುದು; ಆಗ ವಕೀಲರ ಬಳಿಗೆ ಓಡುವುದೇ ಸರಿ.

ಐದನೆಯದು ಪರಿಹಾರದ ಆಯ್ಕೆ. ಕಲಂ 126ರಲ್ಲಿ ಮೂರು ಬಗೆಗಳಿವೆ: ಒಪ್ಪಂದದ ಹಣ, ಟಿಡಿಆರ್ ಅಥವಾ ಎಫ್‌ಎಸ್‌ಐ, ಇಲ್ಲವೇ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಕಡ್ಡಾಯ ಸ್ವಾಧೀನ. ಪುಣೆಯಲ್ಲಿ ಟಿಡಿಆರ್ ದಟ್ಟಣೆಯ ಪ್ರದೇಶದಲ್ಲಿ ಬಿಟ್ಟ ಜಾಗದ ಮೂರು ಪಟ್ಟು, ಅದರ ಹೊರಗೆ ಎರಡು ಪಟ್ಟು. ಕೇಳಲು ಚೆನ್ನಾಗಿದೆ, ಆದರೆ ಅದನ್ನು ಬಳಸುವ ಜಾಗದ ರೆಡಿ ರೆಕನರ್ ದರ, ಅಂದರೆ ಸರ್ಕಾರ ನಿಗದಿ ಮಾಡಿದ ಜಾಗದ ದರ, ಹೆಚ್ಚಿದ್ದರೆ ಅದೇ ಪ್ರಮಾಣದಲ್ಲಿ ಟಿಡಿಆರ್ ಕುಗ್ಗುತ್ತದೆ. 30,000 ರೂಪಾಯಿ ದರದ ಕಡೆ ಹುಟ್ಟಿದ ಟಿಡಿಆರ್ 60,000 ದರದ ಕಡೆ ಅರ್ಧಕ್ಕಿಳಿಯುತ್ತದೆ. ಸಣ್ಣ ಪಟ್ಟಿ ಹೋಗುವವರು ಟಿಡಿಆರ್ ಹಿಂದೆ ಬೀಳಬಾರದೆಂಬುದು ನನ್ನ ಮತ. ಚೂರುಪಾರು ಟಿಡಿಆರ್ ಕೊಳ್ಳಲು ಬರುವ ದಲ್ಲಾಳಿ ಹೇಳಿದ್ದೇ ದರವಾಗುತ್ತದೆ. ಕಟ್ಟಡ ಹೊಸದಾಗಿ ಕಟ್ಟುವವರಿಗೆ ಅದೇ ಜಾಗದಲ್ಲಿ ಎಫ್‌ಎಸ್‌ಐ, ಉಳಿದವರಿಗೆ ಹಣ. ಪುಣೆಯ ಕಾತ್ರಜ್–ಕೊಂಢ್ವಾ ರಸ್ತೆಯಲ್ಲಿಯೂ ಅನೇಕ ಭೂಮಾಲೀಕರು ಟಿಡಿಆರ್ ಬೇಡ, ಹಣವೇ ಬೇಕು ಎಂದದ್ದರಿಂದ 84 ಮೀಟರಿನ ಯೋಜನೆಯನ್ನು 50 ಮೀಟರಿಗೆ ಇಳಿಸಬೇಕಾಯಿತು.

2013ರ ಕಾಯ್ದೆಯ ಪ್ರಕಾರ ಸ್ವಾಧೀನವಾದರೆ ಮಾರುಕಟ್ಟೆ ಮೌಲ್ಯಕ್ಕೆ ಜಾಗದ ಮೇಲಿನ ಆಸ್ತಿಗಳ ಬೆಲೆ ಸೇರಿಸಿ, ಆ ಮೊತ್ತದಷ್ಟೇ ಸೊಲೇಷಿಯಂ ಎಂಬ ಸಾಂತ್ವನ ಧನವನ್ನು ಮತ್ತೆ ಕೊಡಬೇಕು. ಪಂಚನಾಮೆಯ ಪಟ್ಟಿ ಇಲ್ಲಿ ದುಪ್ಪಟ್ಟಾಗಿ ಫಲ ಕೊಡುತ್ತದೆ. ಕಟ್ಟಡದ ಒಂದು ಭಾಗವನ್ನಷ್ಟೇ ತೆಗೆದುಕೊಳ್ಳಲು ಹೊರಟರೆ ಪೂರ್ತಿ ಕಟ್ಟಡ ಕೊಳ್ಳುವಂತೆ ಕಲಂ 94ರಲ್ಲಿ ಕೇಳಬಹುದು. ಈ ಕಾಯ್ದೆಯ ಪರಿಹಾರಕ್ಕೆ ಕಲಂ 96 ಆದಾಯ ತೆರಿಗೆಯ ವಿನಾಯಿತಿ ಕೊಡುತ್ತದೆ. ಟಿಡಿಆರ್ ಮಾರಿದ ಹಣಕ್ಕೂ ಅದೇ ಅನ್ವಯಿಸುತ್ತದೆಂದು ತಿಳಿಯಬೇಡಿ. ರಸ್ತೆರೇಖೆಯ ದಾರಿಯಲ್ಲಾದರೆ ಕಲಂ 216ರಂತೆ ಉಳಿದ ಜಾಗದ ಬೆಲೆ ಏರುವುದನ್ನೂ ಇಳಿಯುವುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಪಾರ್ಕಿಂಗ್ ಹೋಗಿ ಬೆಲೆ ಇಳಿದಿದೆ ಎಂದು ತೋರಿಸುವ ಹೊಣೆ ನಿಮ್ಮದು.

ಬಾಡಿಗೆ ಜಾಗದಲ್ಲಿ ಹೋಟೆಲು ನಡೆಸುವವರು ಮಾಲೀಕರು ನೋಡಿಕೊಳ್ಳುತ್ತಾರೆಂದು ಕೂರಬಾರದು. ಬಾಡಿಗೆ ರಸೀದಿ, ಶಾಪ್ ಆ್ಯಕ್ಟ್ ಪರವಾನಗಿ, ವಿದ್ಯುತ್ ಬಿಲ್ಲುಗಳೊಂದಿಗೆ ಪ್ರತ್ಯೇಕ ಹಕ್ಕುಬೇಡಿಕೆಯನ್ನು ಭೂಸ್ವಾಧೀನಾಧಿಕಾರಿಗೆ ಸಲ್ಲಿಸಿ.

ಅವಾರ್ಡಿನ, ಅಂದರೆ ಪರಿಹಾರ ನಿಗದಿ ಮಾಡುವ ಆದೇಶದ, ಮೊತ್ತ ಕಡಿಮೆಯೆನಿಸಿದರೆ, ಅದನ್ನು ಪ್ರಕಟಿಸುವಾಗ ನೀವು ಹಾಜರಿದ್ದಲ್ಲಿ ಆರು ವಾರಗಳೊಳಗೆ 2013ರ ಕಾಯ್ದೆಯ ಕಲಂ 64ರ ಅರ್ಜಿ ಹಾಕಬೇಕು; ಹಣವನ್ನು ‘ಪ್ರತಿಭಟನೆಯೊಂದಿಗೆ’ ಎಂದು ಬರೆದೇ ಪಡೆಯಿರಿ. ಡಿ.ಪಿ. ಜಾರಿಗೆ ಬಂದು ಹತ್ತು ವರ್ಷವಾದರೂ ಜಾಗ ತೆಗೆದುಕೊಳ್ಳದಿದ್ದರೆ 1966ರ ಕಾಯ್ದೆಯ ಕಲಂ 127ರಂತೆ, ಜಾಗ ಕೊಳ್ಳಿರಿ ಎನ್ನುವ ಖರೀದಿ ನೋಟಿಸನ್ನು ನೀವೇ ಪಾಲಿಕೆಗೆ ಕೊಡಬಹುದು. ಬಳಿಕ 24 ತಿಂಗಳೊಳಗೆ ಸ್ವಾಧೀನವೂ ಆಗದೆ, ಅದರ ಕ್ರಮವೂ ಆರಂಭವಾಗದಿದ್ದರೆ ಆ ಜಾಗ ರಸ್ತೆಗೆಂದು ಮೀಸಲಾದದ್ದು ರದ್ದಾಗುತ್ತದೆ. ಹಕ್ಕಿನ ದಾಖಲೆ ಲಗತ್ತಿಸದ ನೋಟಿಸನ್ನು ಪಾಲಿಕೆ ಸುಲಭವಾಗಿ ತಳ್ಳಿಹಾಕುತ್ತದೆ. ಹತ್ತು ವರ್ಷ ಎಣಿಸುವಾಗ ನೆನಪಿಡಿ, ಪುಣೆ ಪಾಲಿಕೆಯ ಹಳೆಯ ಗಡಿಯೊಳಗಿನ ಪ್ರದೇಶದ ಡಿ.ಪಿ. ಮಂಜೂರಾದದ್ದು 2017ರ ಜನವರಿಯಲ್ಲಿ.

ಜಾಗ ಕೊಟ್ಟ ಮೇಲೆ ಪ್ರಾಪರ್ಟಿ ಕಾರ್ಡಿನಲ್ಲಿ ಉಳಿದ ಕ್ಷೇತ್ರವನ್ನು ನಮೂದಿಸಲು ಸಿಟಿ ಸರ್ವೆ ಕಚೇರಿಗೂ, ಆಸ್ತಿ ತೆರಿಗೆಯನ್ನು ಮರುನಿಗದಿ ಮಾಡಲು ಪಾಲಿಕೆಗೂ ಒಂದೊಂದು ಅರ್ಜಿ ಕೊಡಿ.